ನಾಲ್ಕು ಕಂಠಗಳಿಗೊಂದು ಸಲಕರಣೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಿವಿಗೆ ಯಕ್ಷಗಾನದ ಭಾಗವತಿಕೆ ಚಿರಪರಿಚಿತ. ಶ್ರುತಿಯ ಆಸರೆಯಲ್ಲಿ ಒಂದೇ ಕಂಠ, ಒಂದೇ ಎಳೆಯಾಗಿ ಹರಿಯುವ ಗಾನವದು. ಅದೇ ಸೀಮೆಯ ಇಗರ್ಜಿಗಳಲ್ಲಿ ಇನ್ನೊಂದು ಪರಂಪರೆಯ ಹಾಡುಗಾರಿಕೆಯೂ ಕೇಳಿಬರುತ್ತದೆ. ಸೊಪ್ರಾನೊ, ಆಲ್ಟೊ ಎಂಬ ಸ್ತ್ರೀಕಂಠಗಳೂ ಟೆನರ್, ಬಾಸ್ ಎಂಬ ಪುರುಷಕಂಠಗಳೂ ಒಂದೇ ನುಡಿಯನ್ನು ಬೇರೆ ಬೇರೆ ಸ್ವರಗಳಲ್ಲಿ ಏಕಕಾಲಕ್ಕೆ ಹಾಡಿದಾಗ ಮೂಡುವ ಸ್ವರಮೇಳಕ್ಕೆ ಹಾರ್ಮನಿ ಎಂದು ಹೆಸರು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಧಾಟಿಗಳಿಗೆ ಕನ್ನಡದ ನುಡಿಗಳನ್ನು ಹೊಂದಿಸಿದರು. 1962–65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಕಥೋಲಿಕರ ಪೂಜೆಗೂ ದೇಶಭಾಷೆಯ ಹೊಸ ಹಾಡುಗಳು ಬೇಕಾದವು. ಧಾಟಿಯೊಂದು ಹೊಳೆದರೆ ಸಾಲದು. ಉಳಿದ ಮೂರು ಕಂಠಗಳಿಗೂ ಸ್ವರ ಬರೆದು, ಪ್ರತಿಗಳನ್ನು ತೆಗೆದು ಹಂಚಬೇಕು. ಈ ಶ್ರಮವನ್ನು ಇಂದು ಗಣಕಯಂತ್ರ ಹಗುರಗೊಳಿಸಿದೆ.

ಬೆಲೆಯಿಲ್ಲದೆ ದೊರೆಯುವ ಮ್ಯೂಸ್‌ಸ್ಕೋರ್ ಎಂಬ ತಂತ್ರಾಂಶ ಸಣ್ಣ ಗಾಯನವೃಂದಗಳಿಗೆ ಅನುಕೂಲವಾದದ್ದು. ಅಂಕಿಯ ಕೀಲಿಯಿಂದ ಕಾಲಪ್ರಮಾಣವನ್ನೂ ಅಕ್ಷರದ ಕೀಲಿಯಿಂದ ಸ್ವರವನ್ನೂ ಒತ್ತಿದರೆ ಸ್ವರಲಿಪಿ ಸಿದ್ಧ. ಉಳಿದ ಕಂಠಗಳನ್ನು ಮೌನವಾಗಿಸಿ ಆಲ್ಟೊ ಒಂದನ್ನೇ ನುಡಿಸಿ ಕೇಳಬಹುದು. ಪ್ರತಿಯೊಂದು ಕಂಠದ ಪ್ರತಿಯನ್ನು ಬೇರೆಯಾಗಿಯೇ ಅಚ್ಚು ಮಾಡಬಹುದು. ಲಿಲಿಪಾಂಡ್ ಕೂಡ ಉಚಿತವೇ. ಆದರೆ ಅದರಲ್ಲಿ ಸಂಗೀತವನ್ನು ಪಠ್ಯದಂತೆ ಟೈಪು ಮಾಡಬೇಕು. ಅಚ್ಚಿನ ಅಂದಕ್ಕೆ ಅದು ಹೆಸರಾದದ್ದು. ಸಿಬೆಲಿಯಸ್, ಡೊರಿಕೊಗಳ ಪೂರ್ಣ ಆವೃತ್ತಿಗಳಿಗೆ ಹಣ ತೆರಬೇಕು.

ಕರಾವಳಿಯಲ್ಲಿ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲಿಯೇ ಬರೆಯುವುದರಿಂದ ಯೂನಿಕೋಡ್ ಅಕ್ಷರಗಳನ್ನೇ ಬಳಸುವುದು ಲೇಸು. 'ಸಂಗೀತ' ಎಂಬ ಮಾತನ್ನು ಸಂ-ಗೀ-ತ ಎಂದು ಬಿಡಿಸಿದರೆ ಒಂದೊಂದು ಸ್ವರದ ಕೆಳಗೆ ಒಂದೊಂದು ಅಕ್ಷರ ಕೂರುತ್ತದೆ.

ಇನ್ನೊಂದು ಎಚ್ಚರವೂ ಅಗತ್ಯ. 1988ರಲ್ಲಿ ಹೊರಬಂದ ಪ್ರಸಿದ್ಧ ಫಿನಾಲೆ ತಂತ್ರಾಂಶದ ಬೆಳವಣಿಗೆಯನ್ನು 2024ರಲ್ಲಿ ಅದರ ಒಡೆಯರೇ ನಿಲ್ಲಿಸಿದರು. ವರ್ಷಗಟ್ಟಲೆ ಕೂಡಿಟ್ಟ ಹಾಡುಗಳು ಒಂದೇ ತಂತ್ರಾಂಶದ ಕೈಸೆರೆಯಾಗಬಾರದು. ಮ್ಯೂಸಿಕ್ ಎಕ್ಸ್‌ಎಮ್‌ಎಲ್ ರೂಪದಲ್ಲಿ ಒಂದು ಪ್ರತಿಯನ್ನು ಕಾಪಿಟ್ಟರೆ ಇತರ ತಂತ್ರಾಂಶಗಳೂ ಅದನ್ನು ಓದಬಲ್ಲವು.

ಇಷ್ಟಾದರೂ ನಿಜವಾದ ತೊಡಕು ಉಳಿದಿರುವುದು ಸಂಗೀತದಲ್ಲಿಯೇ. ಶಂಕರಾಭರಣದ ಧಾಟಿಗೆ ಪಾಶ್ಚಾತ್ಯ ಸ್ವರಮೇಳ ಸಲೀಸಾಗಿ ಒಗ್ಗುತ್ತದೆ. ಮೋಹನದ ಮಾತು ಬೇರೆ. ಹಾರ್ಮನಿಗೆ ಆಧಾರವಾದ ಮೂರು ಸ್ವರಗುಚ್ಛಗಳಲ್ಲಿ ಸ-ಗ-ಪ ಮಾತ್ರ ಆ ರಾಗದೊಳಗಿನದು. ಮ-ದ-ಸ ಎಂದರೆ ಮಧ್ಯಮವೂ, ಪ-ನಿ-ರಿ ಎಂದರೆ ನಿಷಾದವೂ ಬೇಕು. ಮೋಹನದಲ್ಲಿ ಅವೆರಡೂ ವರ್ಜ್ಯ. ಅವನ್ನು ಸೇರಿಸಿದರೆ ಸ್ವರಮೇಳ ತುಂಬಿಬರುತ್ತದೆ, ರಾಗದ ಚಹರೆ ಮಾಸುತ್ತದೆ. ಬಿಟ್ಟರೆ ರಾಗ ಉಳಿಯುತ್ತದೆ, ಮೇಳ ತೆಳುವಾಗುತ್ತದೆ. ತಂತ್ರಾಂಶ ಎರಡನ್ನೂ ಒಂದೇ ನಿಷ್ಠೆಯಿಂದ ನುಡಿಸಿ ತೋರಿಸೀತು. ಯಾವುದನ್ನು ಉಳಿಸಿಕೊಳ್ಳಬೇಕೆಂಬ ತೀರ್ಮಾನ ಮಾತ್ರ ಹಾಡು ಕಟ್ಟುವವರ ಕಿವಿಗೆ ಸೇರಿದ್ದು.