ಮುಂಭಾಗ ನಜ್ಜುಗುಜ್ಜಾದ ಕಾರು 'ತಗಡು ಡಬ್ಬಿ'ಯೇ? ಕ್ರ್ಯಾಶ್ ಟೆಸ್ಟ್‌ನಲ್ಲಿ ನಿಜಕ್ಕೂ ನೋಡುವುದೇನು?

ಹೆದ್ದಾರಿಯಲ್ಲಿ ಅಪಘಾತಕ್ಕೀಡಾದ ಕಾರಿನ ಫೋಟೊ. ಬಾನೆಟ್ ಮುದುಡಿ ಮುಂದಿನ ಗಾಜಿನವರೆಗೆ ಬಂದಿದೆ, ಬಂಪರ್ ಚೂರುಚೂರಾಗಿದೆ. ಕೆಳಗೊಂದು ಬರಹ: 'ಲಕ್ಷಗಟ್ಟಲೆ ಕೊಟ್ಟು ತಗೊಳ್ಳೋದು ಈ ತಗಡು ಡಬ್ಬಿನಾ? ಹಳೇ ಅಂಬಾಸಿಡರ್ ಆಗಿದ್ರೆ ಒಂದು ಗೆರೆನೂ ಬೀಳ್ತಿರಲಿಲ್ಲ. ಎಲ್ಲರಿಗೂ ಶೇರ್ ಮಾಡಿ.' ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಪ್ರತಿ ಸಲ ಕಾರಿನ ಹೆಸರು ಬದಲಾಗುತ್ತದೆ, ಬರಹ ಮಾತ್ರ ಹೆಚ್ಚುಕಡಿಮೆ ಅದೇ.

ಇದನ್ನು ನಂಬಿದರೆ ಏನು ನಷ್ಟ ಅನ್ನಿಸಬಹುದು. ನಷ್ಟ ಇದೆ. ನಂಬಿದವರು ಶೋರೂಮಿನಲ್ಲಿ ಬಾಗಿಲು ಬಡಿದು 'ಧಡ್' ಅನ್ನುವ ಸದ್ದು ಕೇಳಿ ಕಾರು ಆರಿಸುತ್ತಾರೆ. ಬಂಪರ್ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುತ್ತಾರೆ. 'ನಮ್ಮ ಗಾಡಿ ಗಟ್ಟಿ' ಎಂಬ ಧೈರ್ಯದಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಊರಿಗೆ ಹೊರಡುತ್ತಾರೆ. ಈ ಮೂರೂ ಕೆಲಸಗಳ ಹಿಂದಿರುವ ತಪ್ಪು ಒಂದೇ. ಅದೇನೆಂದು ನೋಡೋಣ.

ಮುದುಡುವುದೇ ಅದರ ಕೆಲಸ

ಮನೆ ಕಟ್ಟುವ ಕಡೆ ಕೆಳಗಿನಿಂದ ಮೇಲಕ್ಕೆ ಇಟ್ಟಿಗೆ ಎಸೆದು ಹಿಡಿಯುವುದನ್ನು ನೋಡಿದ್ದೀರಾ? ಹಿಡಿಯುವವರು ಕೈಯನ್ನು ಗಟ್ಟಿಯಾಗಿ ನಿಲ್ಲಿಸುವುದಿಲ್ಲ. ಇಟ್ಟಿಗೆ ಅಂಗೈಗೆ ತಾಗುತ್ತಿದ್ದಂತೆ ಕೈಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗಲೂ ಅಷ್ಟೇ. ವೇಗವಾಗಿ ಬರುವ ವಸ್ತು ನಿಲ್ಲಲು ಹೆಚ್ಚು ದೂರ ಸಿಕ್ಕಷ್ಟೂ ಪೆಟ್ಟು ಕಡಿಮೆ.

ಕಾರಿನ ಲೆಕ್ಕವೂ ಇದೇ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಗೋಡೆಗೆ ಗುದ್ದಿತು ಎಂದುಕೊಳ್ಳಿ. ಆ ವೇಗ ಸುಮಾರು 16 ಮೀಟರ್ ಎತ್ತರದಿಂದ, ಅಂದರೆ ಐದನೇ ಮಹಡಿಯ ಹತ್ತಿರದಿಂದ, ಕೆಳಗೆ ಬಿದ್ದಾಗ ಬರುವ ವೇಗಕ್ಕೆ ಸಮ. ಕಾರಿನ ಮುಂಭಾಗ ಬಗ್ಗದೆ 10 ಸೆಂಟಿಮೀಟರ್ ಒಳಗೇ ನಿಂತರೆ ಅದರ ಮೇಲೆ ಬೀಳುವ ಬಲ ಅದರ ತೂಕದ ಸುಮಾರು 160 ಪಟ್ಟು. ಅದೇ ಮುಂಭಾಗ 60 ಸೆಂಟಿಮೀಟರ್ ಮುದುಡುತ್ತಾ ನಿಂತರೆ ಸುಮಾರು 27 ಪಟ್ಟು. ಬೆಲ್ಟ್ ಹಾಕಿ ಒಳಗೆ ಕೂತವರಿಗೆ ಮೊದಲನೆಯದರಲ್ಲಿ ಬದುಕುಳಿಯುವ ಅವಕಾಶವೇ ಇಲ್ಲವೆನ್ನಬಹುದು, ಎರಡನೆಯದರಲ್ಲಿ ಇದೆ.

ಹಾಗಾಗಿ ಕಾರನ್ನು ಎರಡು ಭಾಗ ಮಾಡಿ ಯೋಚಿಸಬೇಕು. ಮುಂದೆ ಮತ್ತು ಹಿಂದೆ ಬೇಕೆಂದೇ ಮುದುಡುವಂತೆ ಮಾಡಿದ ಭಾಗ, ನಡುವೆ ಜನ ಕೂರುವ, ಮುದುಡಲೇಬಾರದ ಗಟ್ಟಿ ಪಂಜರ. ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬರೆನಿ ಈ ವಿಚಾರಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1951ರಲ್ಲಿ. 1959ರಲ್ಲಿ ಆ ಕಂಪನಿಯ ಕಾರಿನಲ್ಲಿ ಅದು ರಸ್ತೆಗಿಳಿಯಿತು. ವೋಲ್ವೊದ ನಿಲ್ಸ್ ಬೋಲಿನ್ ರೂಪಿಸಿದ, ನಾವು ಇವತ್ತಿಗೂ ಹಾಕಿಕೊಳ್ಳುವ ಮೂರು ಬಿಂದುಗಳ ಸೀಟ್ ಬೆಲ್ಟ್ ಬಂದಿದ್ದೂ ಅದೇ 1959ರಲ್ಲೇ.

ಇನ್ನು ಬೆರಳಿನಿಂದ ಒತ್ತಿ 'ನೋಡಿ, ತಗಡು' ಎಂದು ತೋರಿಸುವ ವಿಡಿಯೊಗಳು. ಅವರು ಒತ್ತುವುದು ಒಂದು ಮಿಲಿಮೀಟರ್‌ಗಿಂತ ತೆಳುವಾದ ಹೊರ ಹಾಳೆಯನ್ನು. ಅದು ಅಂಗಿಯ ಹಾಗೆ. ಎಲುಬು ಒಳಗಿದೆ: ಬಾಗಿಲುಗಳ ನಡುವಿನ ಕಂಬ, ಗಾಜಿನ ಅಂಚಿನ ಕಂಬ, ಕಾಲಡಿಯ ತೊಲೆ. ಅಂಗಿ ಹಿಡಿದೆಳೆದು ಎಲುಬಿನ ಗಟ್ಟಿತನ ಹೇಳಲಾಗದು.

'ಹಳೇ ಕಬ್ಬಿಣ' ಗೆದ್ದಿತೇ?

ಈ ವಾದಕ್ಕೆ ನೇರ ಉತ್ತರ ಕೊಟ್ಟ ಪರೀಕ್ಷೆಯೊಂದಿದೆ. ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್, 2009ರಲ್ಲಿ ತನ್ನ 50ನೇ ವರ್ಷದ ನೆಪದಲ್ಲಿ 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಕಾರುಗಳನ್ನು ಎದುರುಬದುರು ಡಿಕ್ಕಿ ಹೊಡೆಸಿತು. ಎರಡರ ವೇಗವೂ ಗಂಟೆಗೆ ಸುಮಾರು 64 ಕಿ.ಮೀ.

ಬೆಲ್ ಏರ್ ನೋಡಲು ದೊಡ್ಡ ಗಾತ್ರದ, ಕ್ರೋಮ್ ಹೊಳಪಿನ, ಫಾರ್ವರ್ಡ್‌ಗಳು ಹೊಗಳುವಂಥ 'ಗಟ್ಟಿ' ಗಾಡಿ. ಡಿಕ್ಕಿಯಲ್ಲಿ ಅದರ ಚಾಲಕನ ಜಾಗವೇ ಕುಸಿಯಿತು, ಸ್ಟೀರಿಂಗ್ ಹಿಂದಕ್ಕೆ ನುಗ್ಗಿತು. ಅಲ್ಲಿ ಮನುಷ್ಯನಿದ್ದಿದ್ದರೆ ಸಾಯುತ್ತಿದ್ದ ಎಂದು ಸಂಸ್ಥೆ ಹೇಳಿತು. ಮಾಲಿಬುವಿನ ಮುಂಭಾಗ ಪೂರ್ತಿ ಹಾಳಾಯಿತು, ಆದರೆ ಚಾಲಕನ ಜಾಗ ಉಳಿಯಿತು. ಅದರಲ್ಲಿದ್ದ ಗೊಂಬೆಯ ಲೆಕ್ಕದ ಪ್ರಕಾರ ಕಾಲಿಗೆ ಸಣ್ಣ ಗಾಯ, ಅಷ್ಟೇ. ವಿಡಿಯೊ ಹರಡಿದ ಮೇಲೆ 'ಹಳೇ ಕಾರಿನ ಎಂಜಿನ್ ತೆಗೆದು ಮೋಸ ಮಾಡಿದ್ದಾರೆ' ಎಂಬ ಗಾಳಿಸುದ್ದಿಯೂ ಎದ್ದಿತು. ಎಂಜಿನ್ ಅದರಲ್ಲೇ ಇತ್ತು. ಫಾರ್ವರ್ಡ್ ರೋಗ ನಮ್ಮಲ್ಲಿ ಮಾತ್ರ ಇಲ್ಲ ಅನ್ನುವುದಕ್ಕೆ ಇದೊಂದು ಸಾಕ್ಷಿ.

ಫಾರ್ವರ್ಡ್‌ನಲ್ಲಿರುವ ಅರ್ಧ ಸತ್ಯ

'ನಮ್ಮಲ್ಲಿ ಮಾರುವ ಕಾರುಗಳು ದುರ್ಬಲ' ಎಂಬ ಸಿಟ್ಟಿಗೆ ಮಾತ್ರ ಕಾರಣವಿತ್ತು, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಕಾರುಗಳ ಫಲಿತಾಂಶ ಪ್ರಕಟಿಸಿತು: ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ. ಎಲ್ಲವೂ ಏರ್‌ಬ್ಯಾಗ್ ಇಲ್ಲದ ಕೆಳಗಿನ ಮಾದರಿಗಳು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ಸ್ಟಾರ್.

ಆದರೆ ಸೊನ್ನೆಗೆ ಎರಡು ಬೇರೆ ಕಾರಣಗಳಿದ್ದವು. ಆಲ್ಟೊ, ನ್ಯಾನೊ, ಐ10ಗಳಲ್ಲಿ ಪಂಜರವೇ ಸಾಲದಾಗಿತ್ತು. ಅಂಥದ್ದಕ್ಕೆ ಏರ್‌ಬ್ಯಾಗ್ ಹಾಕಿದರೂ ಹೆಚ್ಚು ಉಪಯೋಗವಿಲ್ಲ. ಫಿಗೊ, ಪೋಲೊಗಳ ಪಂಜರ ನಿಂತಿತ್ತು, ಒಳಗಿನವರನ್ನು ಹಿಡಿಯುವ ವ್ಯವಸ್ಥೆ ಇರಲಿಲ್ಲ. ಎರಡು ಏರ್‌ಬ್ಯಾಗ್ ಇದ್ದ ಪೋಲೊವನ್ನು ಪರೀಕ್ಷಿಸಿದಾಗ ಅದೇ ಕಾರಿಗೆ 4 ಸ್ಟಾರ್ ಬಂತು. ಕಂಪನಿ ಏರ್‌ಬ್ಯಾಗ್ ಇಲ್ಲದ ಪೋಲೊ ಮಾರುವುದನ್ನೇ ನಿಲ್ಲಿಸಿತು.

ಆಮೇಲೆ ಪರಿಸ್ಥಿತಿ ಬದಲಾಯಿತು. 2018ರಲ್ಲಿ ಟಾಟಾ ನೆಕ್ಸಾನ್ 5 ಸ್ಟಾರ್ ಪಡೆದ ಭಾರತದಲ್ಲಿ ತಯಾರಾದ ಮೊದಲ ಕಾರಾಯಿತು. ಇನ್ನೂ ಒಳ್ಳೆಯ ಉದಾಹರಣೆ ಮಾರುತಿ ಡಿಸೈರ್. 'ತಗಡು' ಎಂಬ ಮೀಮ್‌ಗಳಿಗೆ ಅತಿ ಹೆಚ್ಚು ಆಹಾರವಾಗಿದ್ದು ಇದೇ ಕಂಪನಿ. ಹಿಂದಿನ ಡಿಸೈರ್‌ಗೆ 2 ಸ್ಟಾರ್ ಬಂದಿತ್ತು. 2024ರ ನವೆಂಬರ್‌ನಲ್ಲಿ ಹೊಸ ಡಿಸೈರ್‌ಗೆ ದೊಡ್ಡವರ ರಕ್ಷಣೆಯಲ್ಲಿ 5 ಸ್ಟಾರ್ ಬಂತು. ಅದು ಈಗಲೂ ಹಗುರವಾದ ಕಾರೇ. ತಕ್ಕಡಿಯಲ್ಲಿ ತೂಗಿ ಸುರಕ್ಷತೆ ಅಳೆಯುವವರು ಇದನ್ನು ಗಮನಿಸಬೇಕು.

ಪರೀಕ್ಷೆ ನಡೆಯುವುದು ಹೀಗೆ

ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇದು ಕಡ್ಡಾಯವಲ್ಲ, ಕಂಪನಿಗಳು ತಾವಾಗಿ ಕಾರು ಕಳಿಸಬೇಕು. ಕಡ್ಡಾಯವಾಗಿರುವುದು ಬೇರೆ ಪರೀಕ್ಷೆ. ಅದರಲ್ಲಿ ಎದುರಿನ ಡಿಕ್ಕಿಯ ವೇಗ ಗಂಟೆಗೆ 56 ಕಿ.ಮೀ. ಸ್ಟಾರ್ ಕೊಡುವ ಪರೀಕ್ಷೆಯಲ್ಲಿ 64. ವ್ಯತ್ಯಾಸ ಎಂಟೇ ಕಿಲೋಮೀಟರ್ ಅನ್ನಿಸಿದರೂ ಡಿಕ್ಕಿಯ ಶಕ್ತಿ ಶೇ 30ರಷ್ಟು ಹೆಚ್ಚು.

ಕಾರು ಪೂರ್ತಿ ಮುಖ ಕೊಟ್ಟು ಗುದ್ದುವುದಿಲ್ಲ. ಚಾಲಕನ ಕಡೆಯ ಶೇ 40 ಭಾಗ ಮಾತ್ರ ಅಲ್ಯೂಮಿನಿಯಂ ಜೇನುಗೂಡಿನಂಥ ತಡೆಗೆ ಬಡಿಯುತ್ತದೆ. ಓವರ್‌ಟೇಕ್ ಮಾಡಲು ಹೋಗಿ ಎದುರಿನ ಗಾಡಿಗೆ ಅರ್ಧ ಮುಖ ತಾಗಿಸುವುದು ನಮ್ಮ ರಸ್ತೆಗಳಲ್ಲಿ ಎಷ್ಟು ಸಾಮಾನ್ಯ ಎಂದು ಹೇಳಬೇಕಿಲ್ಲ. ಅರ್ಧ ಮುಖಕ್ಕೆ ಪೂರ್ತಿ ಪೆಟ್ಟು ಬೀಳುವುದರಿಂದ ಪಂಜರದ ನಿಜವಾದ ಗಟ್ಟಿತನ ಇಲ್ಲಿ ಬಯಲಾಗುತ್ತದೆ. ಮುಂದಿನ ಸೀಟುಗಳಲ್ಲಿ ಸುಮಾರು 78 ಕೆ.ಜಿ. ತೂಕದ ಎರಡು ಗೊಂಬೆಗಳು, ಹಿಂದೆ ಚೈಲ್ಡ್ ಸೀಟಿನಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಅಳತೆಯ ಗೊಂಬೆಗಳು ಇರುತ್ತವೆ. ತಲೆ, ಕುತ್ತಿಗೆ, ಎದೆ, ತೊಡೆಗಳಲ್ಲಿರುವ ಸೆನ್ಸರ್‌ಗಳು ಪೆಟ್ಟನ್ನು ದಾಖಲಿಸುತ್ತವೆ. ಗೊಂಬೆಯ ಮುಖಕ್ಕೆ ಬಣ್ಣ ಹಚ್ಚಿರುತ್ತಾರೆ, ತಲೆ ಎಲ್ಲಿ ತಾಗಿತು ಎಂದು ಆ ಗುರುತು ಹೇಳುತ್ತದೆ. ಪಕ್ಕದಿಂದ 50 ಕಿ.ಮೀ. ವೇಗದಲ್ಲಿ ಇನ್ನೊಂದು ಡಿಕ್ಕಿ. ಹೆಚ್ಚು ಸ್ಟಾರ್ ಬೇಕಿದ್ದರೆ ಕಾರು 29 ಕಿ.ಮೀ. ವೇಗದಲ್ಲಿ ಪಕ್ಕಕ್ಕೆ ಜಾರಿ ಕಂಬಕ್ಕೆ ಬಡಿಯುವ ಪರೀಕ್ಷೆಯನ್ನೂ ದಾಟಬೇಕು. ರಸ್ತೆ ಬದಿಯ ಮರ, ಕರೆಂಟ್ ಕಂಬಗಳನ್ನು ನೆನಪಿಸಿಕೊಳ್ಳಿ.

ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49. ಎರಡಕ್ಕೂ ಬೇರೆ ಬೇರೆ ಸ್ಟಾರ್. ಜಾಹೀರಾತಿನಲ್ಲಿ ಒಂದನ್ನೇ ದಪ್ಪಗೆ ಬರೆದಿದ್ದರೆ ಇನ್ನೊಂದನ್ನು ಹುಡುಕಿ ನೋಡಿ.

ಈಗ ಮತ್ತೆ ಆ ಫೋಟೊ. ಮುಂದಿನ ಸಲ ಇಂಥದ್ದು ಬಂದಾಗ ಬಾನೆಟ್ ಬಿಟ್ಟು ಬಾಗಿಲಿನ ಕಡೆ ನೋಡಿ. ಗಾಜಿನ ಅಂಚಿನ ಕಂಬ ನೆಟ್ಟಗಿದೆಯೇ? ಚಾವಣಿ ಮಡಚಿದೆಯೇ? ಬಾಗಿಲಿನ ಚೌಕಟ್ಟು ಆಕಾರ ಉಳಿಸಿಕೊಂಡಿದೆಯೇ? ಮುಂಭಾಗ ಪುಡಿಯಾಗಿ ಇವು ಉಳಿದಿದ್ದರೆ ಕಾರು ತನ್ನ ಕೆಲಸ ಮಾಡಿದೆ. ಮುಂಭಾಗ ಚೆನ್ನಾಗಿದ್ದು ಇವು ಬಗ್ಗಿದ್ದರೆ ಹೆದರಬೇಕು. ಹಾಗಂತ ಫೋಟೊ ನೋಡಿಯೇ ತೀರ್ಪು ಕೊಡುವುದೂ ಬೇಡ. ವೇಗ ಎಷ್ಟಿತ್ತು, ಗುದ್ದಿದ್ದು ಲಾರಿಗೋ ಬೈಕಿಗೋ ಎಂಬುದು ಅದರಲ್ಲಿ ಇರುವುದಿಲ್ಲ. ಒಳಗಿದ್ದವರನ್ನು ಹೊರತೆಗೆಯಲು ಚಾವಣಿಯನ್ನು ಕತ್ತರಿಸಿರಲೂಬಹುದು.

'5 ಸ್ಟಾರ್ ಇದ್ದರೆ ಏನೂ ಆಗಲ್ಲ'

ಇದು ಎದುರು ದಿಕ್ಕಿನ ಫಾರ್ವರ್ಡ್, ಇದೂ ಅಷ್ಟೇ ಅಪಾಯಕಾರಿ. ಪರೀಕ್ಷೆ ನಡೆದಿದ್ದು 64ರಲ್ಲಿ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿಯಿದೆ. 100ರಲ್ಲಿ ಡಿಕ್ಕಿಯ ಶಕ್ತಿ 64ರದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು. 120ರಲ್ಲಿ ಮೂರೂವರೆ ಪಟ್ಟು. ಆ ವೇಗಕ್ಕೆ ಯಾರೂ ಸ್ಟಾರ್ ಕೊಟ್ಟಿಲ್ಲ.

ಜೊತೆಗೆ, ಎದುರಿನ ಡಿಕ್ಕಿಯ ಪರೀಕ್ಷೆ ಹೆಚ್ಚುಕಡಿಮೆ ಅಷ್ಟೇ ತೂಕದ ಇನ್ನೊಂದು ಕಾರು ಬಂದು ಗುದ್ದಿದಂತೆ. ಹಾಗಾಗಿ 5 ಸ್ಟಾರ್‌ನ ಸಣ್ಣ ಕಾರು, 5 ಸ್ಟಾರ್‌ನ ಎಸ್‌ಯುವಿ ಎರಡೂ ಸಮ ಎಂದರ್ಥವಲ್ಲ. ತೂಕಕ್ಕೆ ಬೆಲೆ ಇರುವುದು ಇಲ್ಲಿ. ವರ್ಷವೂ ಮುಖ್ಯ. 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಿಯಮ ಬಿಗಿಯಾಯಿತು, ಹಳೆಯ 5 ಸ್ಟಾರ್ ಮತ್ತು ಹೊಸ 5 ಸ್ಟಾರ್ ಬೇರೆ ಬೇರೆ ಪರೀಕ್ಷೆಯ ಅಂಕಗಳು.

ಎಲ್ಲಕ್ಕಿಂತ ದೊಡ್ಡ ವಿಷಯ: ಸ್ಟಾರ್ ಬಂದಿದ್ದು ಬೆಲ್ಟ್ ಹಾಕಿದ ಗೊಂಬೆಗಳಿಗೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಿದ್ದು ಮರ್ಸಿಡಿಸ್ ಕಾರಿನಲ್ಲಿ. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಇಬ್ಬರೂ ಸತ್ತರು. ಮುಂದೆ ಇದ್ದ ಇಬ್ಬರು ಗಾಯಗೊಂಡರೂ ಉಳಿದರು. ಕಾರು ನಿಂತರೂ ಬೆಲ್ಟ್ ಇಲ್ಲದ ದೇಹ ನಿಲ್ಲುವುದಿಲ್ಲ. ಅದು ಅದೇ ವೇಗದಲ್ಲಿ ಮುಂದಕ್ಕೆ ಹೋಗಿ ಸಿಕ್ಕಿದ್ದಕ್ಕೆ ಬಡಿಯುತ್ತದೆ, ಕೆಲವೊಮ್ಮೆ ಮುಂದಿನ ಸೀಟಿನಲ್ಲಿರುವ ನಮ್ಮವರಿಗೇ.

ತೊಡೆಯ ಮೇಲಿನ ಮಗುವಿನ ಲೆಕ್ಕ ಹೀಗಿದೆ. 64 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ 10 ಕೆ.ಜಿ. ತೂಕದ ಮಗುವನ್ನು ಹಿಡಿದಿಡಲು ಸುಮಾರು 180 ಕೆ.ಜಿ. ಎತ್ತುವಷ್ಟು ಬಲ ಬೇಕು. 25 ಕೆ.ಜಿ.ಯ ಏಳು ಅಕ್ಕಿ ಮೂಟೆ. ಯಾವ ತಾಯಿಯ, ಯಾವ ಅಜ್ಜನ ಕೈಯಲ್ಲೂ ಅಷ್ಟು ಬಲವಿಲ್ಲ. ಪರೀಕ್ಷೆಯಲ್ಲಿ ಮಗುವಿನ ಗೊಂಬೆ ಚೈಲ್ಡ್ ಸೀಟಿನಲ್ಲಿರುವುದು ಇದಕ್ಕೇ. ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ ಬೆಲ್ಟ್ ಹಾಕದಿದ್ದರೆ, 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 1,000 ರೂಪಾಯಿ ದಂಡವಿದೆ.

ಬೀಪ್ ಶಬ್ದ ನಿಲ್ಲಿಸಲು ಬೆಲ್ಟ್ ಜಾಗಕ್ಕೆ ಸಿಕ್ಕಿಸುವ ಕ್ಲಿಪ್‌ಗಳನ್ನು ಮಾರುವುದರ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಆದೇಶ ಹೊರಡಿಸಿತು. ಆನ್‌ಲೈನ್ ಮಾರಾಟ ತಾಣಗಳಿಂದ 13,118 ಪಟ್ಟಿಗಳು ತೆಗೆಯಲ್ಪಟ್ಟವು. ಬಂಪರ್ ಮುಂದಿನ ಕಬ್ಬಿಣದ ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದ್ದು 2017ರ ಡಿಸೆಂಬರ್‌ನಲ್ಲಿ. ಆ ಗಾರ್ಡ್ ನೇರವಾಗಿ ಕಾರಿನ ಚಾಸಿಗೆ ಬೋಲ್ಟ್ ಆಗಿರುತ್ತದೆ. ಮುದುಡಬೇಕಾದ ಭಾಗವನ್ನು ದಾಟಿ ಪೆಟ್ಟು ಒಳಗೆ ಹೋಗುತ್ತದೆ, ಏರ್‌ಬ್ಯಾಗ್ ಸೆನ್ಸರ್‌ನ ಲೆಕ್ಕವೂ ತಪ್ಪಬಹುದು. ಎದುರಿಗೆ ಸಿಕ್ಕ ಪಾದಚಾರಿಯ ಗತಿ ಹೇಳುವುದೇ ಬೇಡ. ನಿಮ್ಮ ಕಾರಿನಲ್ಲಿ ಇವೆರಡರಲ್ಲಿ ಯಾವುದಾದರೂ ಇದ್ದರೆ, ಕ್ಲಿಪ್ ಕೈಯಲ್ಲೇ ಕಿತ್ತು ಬಿಸಾಡಬಹುದು. ಗಾರ್ಡ್ ಬಿಚ್ಚಲು ಮೆಕ್ಯಾನಿಕ್ ಬೇಕು.