ಅಜ್ಜಿಯ ಫೋನು ಅಜ್ಜಿಯನ್ನು ಕಲಿಯುವ ಬಗೆ

ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಬಗೆಯ ಎರಡು ಆಂಡ್ರಾಯ್ಡ್ ಫೋನುಗಳನ್ನು ಕೊಂಡಿರಿ ಎಂದಿಟ್ಟುಕೊಳ್ಳಿ. ಒಂದು ಅಜ್ಜಿಗೆ, ಇನ್ನೊಂದು ಕಾಲೇಜಿಗೆ ಹೋಗುವ ಅಕ್ಕನಿಗೆ. ಡಬ್ಬಿಯಿಂದ ತೆಗೆದಾಗ ಎರಡೂ ಅವಳಿಜವಳಿ. ಒಂದು ತಿಂಗಳು ಕಳೆಯಲಿ. ಅಜ್ಜಿಯ ಫೋನಿನಲ್ಲಿ ಭಜನೆಯ ಆ್ಯಪ್ ಎಚ್ಚರವಾಗಿದ್ದು, ರೈಲು ಟಿಕೆಟಿನ ಆ್ಯಪ್ ಮೂಲೆಯಲ್ಲಿ ಮಲಗಿರುತ್ತದೆ. ಅಕ್ಕನ ಫೋನಿನಲ್ಲಿ ಇದರ ತಿರುವುಮುರುವು. ಯಾರೂ ಯಾವ ಗುಂಡಿಯನ್ನೂ ಒತ್ತಿಲ್ಲ. ಹಾಗಾದರೆ ಇದನ್ನು ಮಾಡಿದವರು ಯಾರು?

ಮಾಡಿದ್ದು ಫೋನಿನೊಳಗಿನ ಆಪರೇಟಿಂಗ್ ಸಿಸ್ಟಂ. ಅದನ್ನು ದೊಡ್ಡ ಕುಟುಂಬದ ಅಡುಗೆಮನೆ ನೋಡಿಕೊಳ್ಳುವ ದೊಡ್ಡಮ್ಮ ಎನ್ನಬಹುದು. ಇರುವುದು ಮೂರೇ ಒಲೆ, ಕಾದು ಕೂತಿರುವುದು ಐವತ್ತು ಪಾತ್ರೆ. ಬ್ಯಾಟರಿ ಎಂದರೆ ಸೌದೆ. ಪ್ರೊಸೆಸರ್ ಎಂದರೆ ಒಲೆ. ಮೆಮೊರಿ ಎಂದರೆ ಕೈಗೆ ಸಿಗುವ ಕಟ್ಟೆ. ಯಾರಿಗೆ ಯಾವಾಗ ಎಷ್ಟು ಕೊಡಬೇಕು ಎಂದು ದೊಡ್ಡಮ್ಮನೇ ತೀರ್ಮಾನಿಸಬೇಕು.

ಈ ಹಂಚಿಕೆ ಬಹುಮಟ್ಟಿಗೆ ಎಲ್ಲರಿಗೂ ಒಂದೇ ನಿಯಮದಂತೆ ನಡೆಯುತ್ತಿದ್ದ ಕಾಲವಿತ್ತು. 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾದಲ್ಲಿ 'ಸೂಪರ್‌ಫೆಚ್' ಎಂಬ ಏರ್ಪಾಡಿತ್ತು. ನೀವು ಯಾವ ಪ್ರೋಗ್ರಾಂಗಳನ್ನು ಹೆಚ್ಚಾಗಿ ತೆರೆಯುತ್ತೀರಿ ಎಂದು ಅದು ಲೆಕ್ಕ ಇಟ್ಟು, ಅವನ್ನು ಮೊದಲೇ ಮೆಮೊರಿಗೆ ತಂದಿಡುತ್ತಿತ್ತು. ಫೋನಿನಲ್ಲಿ ದೊಡ್ಡ ಬದಲಾವಣೆ ಬಂದದ್ದು 2018ರ ಆಗಸ್ಟಿನಲ್ಲಿ, ಆಂಡ್ರಾಯ್ಡ್ 9ರ ಜೊತೆಗೆ. ಅದರಲ್ಲಿ 'ಅಡಾಪ್ಟಿವ್ ಬ್ಯಾಟರಿ' ಎಂಬ ಸೌಲಭ್ಯವಿತ್ತು. ಗೂಗಲ್ ಇದನ್ನು ತನ್ನದೇ ಬಳಗದ ಡೀಪ್‌ಮೈಂಡ್ ಸಂಸ್ಥೆಯ ಜೊತೆ ಸೇರಿ ಮಾಡಿತು. ಗೋ ಎಂಬ ಹಲಗೆಯಾಟದಲ್ಲಿ 2016ರಲ್ಲಿ ಕೊರಿಯಾದ ಘಟಾನುಘಟಿ ಲೀ ಸೆಡಾಲ್ ಅವರನ್ನು ಸೋಲಿಸಿದ ಯಂತ್ರ ಇದೇ ಸಂಸ್ಥೆಯದು. ಅಂಥವರು ಬಂದು ಅಜ್ಜಿಯ ಫೋನಿನ ಬ್ಯಾಟರಿ ಉಳಿಸಲು ಕುಳಿತರು ಎನ್ನುವುದೇ ನನಗೆ ಖುಷಿಯ ಸಂಗತಿ!

ಯಂತ್ರ ಕಲಿಯುವುದು ಹೇಗೆ? ಮೂಲೆಯಂಗಡಿಯವರನ್ನು ನೋಡಿ. ಬೆಳಗ್ಗೆ ಆರೂವರೆಗೆ ತಾತ ಮೆಟ್ಟಿಲು ಹತ್ತುತ್ತಿದ್ದಂತೆ ಅವರ ಕೈ ಹಾಲಿನ ಪ್ಯಾಕೆಟ್ಟಿನತ್ತ ಹೋಗಿರುತ್ತದೆ. ತಾತ ಹೇಳಿಕೊಟ್ಟಿದ್ದಲ್ಲ, ದಿನವೂ ನೋಡಿ ನೋಡಿ ಬಂದ ಊಹೆ. ಒಂದು ದಿನ ತಾತ ಮೊಸರು ಕೇಳಿದರೆ ಊಹೆ ತಪ್ಪಿತು. ಶನಿವಾರ ಶನಿವಾರ ಮೊಸರನ್ನೇ ಕೇಳತೊಡಗಿದರೆ ಅಂಗಡಿಯವರು ತಮ್ಮ ಲೆಕ್ಕ ತಿದ್ದಿಕೊಳ್ಳುತ್ತಾರೆ. ಮಷೀನ್ ಲರ್ನಿಂಗ್ ಎಂಬ ದೊಡ್ಡ ಹೆಸರಿನ ಹಿಂದಿರುವುದೂ ಇದೇ: ಊಹಿಸು, ತಾಳೆ ನೋಡು, ತಿದ್ದಿಕೊ. ಮುಂದಿನ ಕೆಲವು ಗಂಟೆಗಳಲ್ಲಿ ನೀವು ಯಾವ ಆ್ಯಪ್ ತೆರೆಯಬಹುದು, ಯಾವುದರ ಗೊಡವೆಗೆ ಹೋಗುವುದಿಲ್ಲ ಎಂದು ಫೋನು ಊಹಿಸುತ್ತದೆ.

ಆ ಊಹೆಯ ಮೇಲೆ ಆ್ಯಪ್‌ಗಳನ್ನು ಮುಖ್ಯವಾಗಿ ನಾಲ್ಕು ಬುಟ್ಟಿಗಳಿಗೆ ಹಾಕುತ್ತದೆ. ಈಗಲೇ ಬಳಸುತ್ತಿರುವವು, ಹೆಚ್ಚುಕಮ್ಮಿ ದಿನವೂ ಬೇಕಾದವು, ಆಗಾಗ ಬೇಕಾದವು, ಅಪರೂಪದವು. ಮೊದಲ ಬುಟ್ಟಿಗೆ ತಡೆ ತೀರ ಕಡಿಮೆ. ಕೆಳಗಿಳಿದಂತೆ ಕಾಯುವುದು ಹೆಚ್ಚು. ಆಂಡ್ರಾಯ್ಡ್ 9ರ ನಿಯಮದಂತೆ, ತೆರೆಮರೆಯಲ್ಲಿ ಮಾಡುವ ಕೆಲಸಕ್ಕೆ ಎರಡನೆಯ ಬುಟ್ಟಿಯ ಆ್ಯಪ್ 2 ಗಂಟೆಯವರೆಗೆ ಕಾಯಬೇಕಾಗಬಹುದು, ಮೂರನೆಯದು 8 ಗಂಟೆ, ಅಪರೂಪದ್ದು 24 ಗಂಟೆ. ಚಕ್ಕುಲಿ ಒರಳು ಅಟ್ಟ ಸೇರಿ ಗೋಕುಲಾಷ್ಟಮಿಗೆ ಮಾತ್ರ ಕೆಳಗಿಳಿಯುವುದಿಲ್ಲವೇ, ಹಾಗೆ.

ಆದರೆ ಅಟ್ಟಕ್ಕೆ ಹೋದದ್ದೆಲ್ಲ ಚಕ್ಕುಲಿ ಒರಳೇ ಆಗಿರಬೇಕಿಲ್ಲ. ಅಜ್ಜಿಗೆ ತಿಂಗಳಿಗೊಂದು ಚುಚ್ಚುಮದ್ದು ಇದೆ ಎನ್ನಿ. ಅದನ್ನು ನೆನಪಿಸುವ ಆ್ಯಪ್ ಹಾಕಿಕೊಟ್ಟವನು ಮೊಮ್ಮಗ. ಅಜ್ಜಿ ಅದನ್ನು ತಿಂಗಳಿಗೊಮ್ಮೆಯೂ ತೆರೆಯುವುದಿಲ್ಲ. ಫೋನು ನೋಡುವುದು ಬಳಕೆಯನ್ನು. ಬಳಕೆ ಇಲ್ಲ, ಆದ್ದರಿಂದ ಅಪರೂಪದ ಬುಟ್ಟಿ. ಅದೇ ನಿಯಮದಲ್ಲಿ ಅಪರೂಪದ ಆ್ಯಪ್‌ನ ಸಾಮಾನ್ಯ ಅಲಾರಂ 2 ಗಂಟೆಯವರೆಗೆ ತಡವಾಗಬಹುದು. ಬೆಳಗ್ಗೆ 9ಕ್ಕೆ ಬರಬೇಕಾದ ನೆನಪು 11ಕ್ಕೆ ಬಂದರೆ, ಅಷ್ಟರಲ್ಲಿ ಡಾಕ್ಟರ ಟೋಕನ್ ಮುಗಿದಿರುತ್ತದೆ. ಫೋನಿನ ಗಡಿಯಾರದಲ್ಲಿ ಇಟ್ಟ ಅಲಾರಂಗೆ ಈ ತಡೆ ಇಲ್ಲ. ಸಮಯಕ್ಕೆ ಸರಿಯಾಗಿ ಕೂಗಲೇಬೇಕೆಂದು ಎಚ್ಚರದಿಂದ ಬರೆದ ಆ್ಯಪ್‌ಗಳೂ ಇವೆ. ಎಲ್ಲವೂ ಹಾಗಿರುವುದಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಫೋನು ಅಜ್ಜನ ಹೆಸರಿನಲ್ಲಿರುತ್ತದೆ, ಆಟ ಆಡುವವಳು ಪುಟ್ಟಿ, ಸಂಜೆ ಧಾರಾವಾಹಿ ನೋಡುವವರು ಅತ್ತೆ. ಬೆರಳು ಯಾರದೆಂದು ಈ ಲೆಕ್ಕ ಕೇಳುವುದಿಲ್ಲ. ಮೂವರ ಅಭ್ಯಾಸ ಕಲಸಿ, ಯಾರೂ ಅಲ್ಲದ ಒಬ್ಬ ನಾಲ್ಕನೆಯವರನ್ನು ಅದು ಕಲಿತಿರುತ್ತದೆ!

ಐಫೋನಿನ ಕಲಿಕೆ ಇನ್ನೊಂದು ಬಗೆಯದು. 2019ರಿಂದ ಅದು ನೀವು ದಿನವೂ ಚಾರ್ಜ್ ಮಾಡುವ ಅಭ್ಯಾಸವನ್ನು ಗಮನಿಸಿ, ರಾತ್ರಿ ಬ್ಯಾಟರಿಯನ್ನು 80 ಶೇಕಡಕ್ಕೆ ನಿಲ್ಲಿಸಿ, ಏಳುವ ಹೊತ್ತಿಗೆ ಪೂರ್ತಿ ತುಂಬಿಸಲು ನೋಡುತ್ತದೆ. ಬ್ಯಾಟರಿ ಬೇಗ ಮುದಿಯಾಗದಿರಲಿ ಎಂದು ಈ ಉಪಾಯ. ಧರ್ಮಸ್ಥಳದ ಬಸ್ಸಿಗೆ ಮೂರು ಗಂಟೆಗೇ ಎದ್ದ ದಿನ ಮಾತ್ರ 80ರಲ್ಲೇ ಹೊರಡಬೇಕಾದೀತು.

ಕೆಲವರು ಗಂಟೆಗೊಮ್ಮೆ ತೆರೆದ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಚ್ಚುತ್ತಾರೆ, ಬ್ಯಾಟರಿ ಉಳಿಯಲಿ ಎಂದು. ಅದು ಕಟ್ಟೆಯ ಮೇಲಿನ ಸಾರಿನಪುಡಿ ಡಬ್ಬಿಯನ್ನು ಪ್ರತಿ ಊಟಕ್ಕೂ ಉಗ್ರಾಣಕ್ಕೆ ಇಟ್ಟು ಮತ್ತೆ ತಂದಂತೆ. ತಿರುಗಾಟವೇ ಹೆಚ್ಚು.

ಮಕ್ಕಳೇ, ಈ ಭಾನುವಾರ ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದು ಕೆಲಸ ಮಾಡಿ. ಅಪರೂಪಕ್ಕೆ ತೆರೆದರೂ ಹೊತ್ತಿಗೆ ಸರಿಯಾಗಿ ಕೂಗಲೇಬೇಕಾದ ಆ್ಯಪ್‌ಗಳು ಯಾವುವು ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್‌ಗಳ ಪಟ್ಟಿಯಲ್ಲಿ ಅದರ ಹೆಸರು ಒತ್ತಿ, 'ಬ್ಯಾಟರಿ' ಎಂಬಲ್ಲಿ 'ಅನ್‌ರಿಸ್ಟ್ರಿಕ್ಟೆಡ್' ಆರಿಸಿ. ಕಂಪನಿಯಿಂದ ಕಂಪನಿಗೆ ಹೆಸರು ತುಸು ಬೇರೆಯಾಗಿರಬಹುದು, ಹುಡುಕಿದರೆ ಸಿಗುತ್ತದೆ. ಒಂದೆರಡಕ್ಕೆ ಮಾತ್ರ ಹೀಗೆ ಮಾಡಿ. ಎಲ್ಲಕ್ಕೂ ಮಾಡಿದರೆ ಸಂಜೆಯೊಳಗೆ ಸೌದೆ ಖಾಲಿ. ಸರಿಯಾಯಿತೇ ಎಂದು ನೋಡಲು ಮರುದಿನಕ್ಕೊಂದು ನೆನಪು ಇಟ್ಟು ಕಾಯಿರಿ. ಫೋನು ಚಾರ್ಜಿನಲ್ಲಿರುವಾಗ ಈ ತಡೆಗಳು ಇರುವುದಿಲ್ಲ, ಹಾಗಾಗಿ ಪರೀಕ್ಷೆಯ ಹೊತ್ತಿನಲ್ಲಿ ಚಾರ್ಜರ್ ತೆಗೆದಿಡಿ.