ಕರೆಂಟು ಹೋದ್ರೂ ಮೊಟ್ಟೆ ಕೆಟ್ಟಿಲ್ಲ!

ಮುಂಗಾರಿಗೆ ಮುಂಚಿನ ಗಾಳಿಗೆ ತೆಂಗಿನ ಗರಿಯೊಂದು ತಂತಿ ಮೇಲೆ ಬಿತ್ತು ಅಂದ್ರೆ ಸಾಕು, ಊರಿಗೆ ಊರೇ ಕತ್ತಲು. ಅಂಗಡಿಯವರು ಮೇಣದಬತ್ತಿ ಹುಡುಕುತ್ತಾರೆ. ಹಿಟ್ಟಿನ ಗಿರಣಿಯವರು ಬೀಡಿ ಹಚ್ಚುತ್ತಾರೆ. ಮನೆಯಲ್ಲಿ ಮೊಟ್ಟೆಗೆ ಕಾವು ಇಟ್ಟವರು ಮಾತ್ರ ಎದೆ ಹಿಡಿದುಕೊಂಡು ಥರ್ಮಾಕೋಲ್ ಪೆಟ್ಟಿಗೆ ಕಡೆ ಓಡುತ್ತಾರೆ.

ಓಡೋದು ತಪ್ಪಲ್ಲ. ಓಡಿ ಹೋಗಿ ಮುಚ್ಚಳ ತೆಗೀತಾರಲ್ಲ, ಅದು ತಪ್ಪು!

ಮನೆಯಲ್ಲೇ ಮರಿ ಮಾಡಿಸೋ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ನಾಟಿ ಹೇಂಟೆ ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆಗೆ ಕಾವು ಕೊಟ್ಟೀತು. ಕಾವಿಗೆ ಕೂತರೆ ಮೊಟ್ಟೆ ಇಡೋದು ನಿಲ್ಲಿಸುತ್ತೆ. ಅದೇ ಪೆಟ್ಟಿಗೆಗೆ ಒಂದು ಬಲ್ಬು, ಒಂದು ಥರ್ಮೋಸ್ಟಾಟ್, ಒಂದು ಬಟ್ಟಲು ನೀರು ಇಟ್ಟರೆ ನಲವತ್ತು ಮೊಟ್ಟೆ ಹಿಡಿಯುತ್ತೆ. ಮಾರಿದ್ದರೆ ಒಂದು ಸಂತೆಯ ಖರ್ಚು ತೂಗುತ್ತಿದ್ದ ಮೊಟ್ಟೆಗಳವು. ಆ ದುಡ್ಡು 21 ದಿನ ಬಲ್ಬಿನ ಕೆಳಗೆ ಕೂತಿರುತ್ತೆ.

ಒಂದು ಮಾತು ಮೊದಲೇ ತಿಳಿದಿರಲಿ. ಅಂಗಡಿಯಲ್ಲಿ ಸಿಗೋ ಫಾರಂ ಮೊಟ್ಟೆ ಇಟ್ಟು ಕಾಯಬೇಡಿ. ಅಲ್ಲಿ ಹುಂಜ ಇಲ್ಲ, ಮರಿಯೂ ಇಲ್ಲ. ಹುಂಜದ ಜತೆ ಇರೋ ಹೇಂಟೆಯ ಮೊಟ್ಟೆ ಬೇಕು, ಅದೂ ಒಂದು ವಾರದ ಒಳಗಿನದು.

ಲೆಕ್ಕ ಇಷ್ಟು

ಫ್ಯಾನಿರುವ ಪೆಟ್ಟಿಗೆಗೆ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನಿಲ್ಲದಿದ್ದರೆ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.5ರ ಆಸುಪಾಸು. ದಿನಕ್ಕೆ ಮೂರು ಸಲವಾದರೂ ಮೊಟ್ಟೆ ಹೊರಳಿಸಬೇಕು. 18ನೇ ದಿನದಿಂದ ಹೊರಳಿಸೋದು ನಿಲ್ಲಿಸಿ, ತೇವ ಹೆಚ್ಚಿಸಬೇಕು. 21ನೇ ದಿನಕ್ಕೆ ಮರಿ.

ಕರೆಂಟು ಹೋದರೆ ಇದೆಲ್ಲ ನೀರುಪಾಲೇ? ಇಲ್ಲ. ಹೇಂಟೆಯನ್ನೇ ನೋಡಿ. ಕಾವಿಗೆ ಕೂತ ಹೇಂಟೆ ದಿನಕ್ಕೊಮ್ಮೆ ಎದ್ದು ಕಾಳು ಕೆದಕಿ, ನೀರು ಕುಡಿದು, ಮೈಕೊಡವಿ ವಾಪಸು ಬರುತ್ತೆ. ಅಲ್ಲೀವರೆಗೆ ಮೊಟ್ಟೆಗೆ ಯಾವ ಬಲ್ಬು?

ಮೊಟ್ಟೆಯೊಳಗಿನ ಜೀವ ಚಳಿ ತಡೆಯುತ್ತೆ, ಸೆಕೆ ತಡೆಯೋಲ್ಲ. ಶಾಖ 35 ಡಿಗ್ರಿಗೆ ಇಳಿದು ಮೂರು ನಾಲ್ಕು ಗಂಟೆ ಇದ್ದರೆ ಬೆಳವಣಿಗೆ ನಿಧಾನವಾಗುತ್ತೆ, ಅಷ್ಟೇ. 32ಕ್ಕಿಂತ ಕೆಳಗೆ ಹದಿನೆಂಟು ಗಂಟೆಯವರೆಗೆ ಇದ್ದೂ ಬದುಕಿದ್ದುಂಟು. ಅದೇ 40.5 ಡಿಗ್ರಿ ಏರಿದರೆ ಕಾಲು ಗಂಟೆಯಲ್ಲೇ ಪೆಟ್ಟು ಬೀಳುತ್ತೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಮರಿ ಸಾಯೋದು ಕರೆಂಟು ಹೋದಾಗ ಅಲ್ಲ, ಬಂದಾಗ! "ತಣ್ಣಗಾಗಿದೆ, ಸ್ವಲ್ಪ ಜಾಸ್ತಿ ಕಾಯಿಸೋಣ" ಅಂತ ತಿರುಗಣೆ ತಿರುಗಿಸುತ್ತಾರೆ. ಕಥೆ ಮುಗೀತು.

ಏನು ಮಾಡಬೇಕು?

ಮೊದಲನೆಯದು, ಮುಚ್ಚಳ ಮುಟ್ಟಬೇಡಿ. ಮುಚ್ಚಿದ ಪೆಟ್ಟಿಗೆ ಶಾಖ ಹಿಡಿದಿಡುತ್ತೆ. ಮೇಲೆ ಕಂಬಳಿ ಹೊದಿಸಿ, ಗಾಳಿ ತೂತು ಬಿಟ್ಟು. ಒಂದೆರಡು ಗಂಟೆಯ ಕತ್ತಲಿಗೆ ಇಷ್ಟೇ ಮದ್ದು.

ಟ್ರಾನ್ಸ್‌ಫಾರ್ಮರೇ ಸುಟ್ಟು ರಾತ್ರಿಯಿಡೀ ಕತ್ತಲಾದರೆ, ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪೆಟ್ಟಿಗೆಯ ಮೂಲೆಗಿಡಿ. ಮೊಟ್ಟೆಗೆ ತಾಗದಿರಲಿ. ತಣಿದಾಗ ಬದಲಿಸಿ, ಥರ್ಮಾಮೀಟರ್ ನೋಡುತ್ತಿರಿ. ಸೀಮೆಎಣ್ಣೆ ಬುಡ್ಡಿ, ಕೆಂಡದ ಮಡಕೆ ಹತ್ತಿರವೂ ಬೇಡ. ಹೊಗೆ ಮೊಟ್ಟೆಗೆ ವಿಷ, ಕಿಡಿ ಥರ್ಮಾಕೋಲಿಗೆ ಯಮ. ಮನೆಯಲ್ಲಿ ಕಾವಿಗೆ ಕೂತ ಹೇಂಟೆ ಇದ್ದರಂತೂ ಹಿಡಿಯುವಷ್ಟನ್ನು ರಾತ್ರಿ ಅದರ ಹೊಟ್ಟೆ ಕೆಳಗೆ ಸರಿಸಬಹುದು.

18 ದಿನ ದಾಟಿದ ಮೊಟ್ಟೆಯ ಲೆಕ್ಕ ಬೇರೆ. ಬಲಿತ ಮರಿ ತಾನೇ ಶಾಖ ಬಿಡುತ್ತೆ, ಉಸಿರಿಗೆ ಹೆಚ್ಚು ಗಾಳಿ ಕೇಳುತ್ತೆ. ಆಗ ಗಾಳಿ ತೂತು ಮುಚ್ಚಿ ಕಂಬಳಿ ಬಿಗಿದರೆ ಚಳಿಯಿಂದ ಉಳಿದ ಮರಿ ಉಸಿರುಕಟ್ಟಿ ಸಾಯುತ್ತೆ.

ಕರೆಂಟು ಬಂದ ಮೇಲೆ ಎಂದಿನ ಶಾಖಕ್ಕೇ ಬಿಡಿ. ನಾಲ್ಕಾರು ದಿನ ಕಳೆದು ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ರಕ್ತನಾಳ ಕಂಡರೆ, ಒಳಗೆ ಅಲುಗಿದರೆ ಜೀವ ಇದೆ. 21ನೇ ದಿನ ಮರಿ ಬರಲಿಲ್ಲ ಅಂತ ತಿಪ್ಪೆಗೆಸೆಯಬೇಡಿ. ತಣ್ಣಗಾದ ಮೊಟ್ಟೆ ಒಂದೆರಡು ದಿನ ತಡಮಾಡುತ್ತೆ. ಎಸೆದ ತಿಪ್ಪೆಯಲ್ಲಿ ಚಿಂವ್ ಅಂದರೆ ಯಾರನ್ನು ಬೈಯೋದು?

ಮರಿ ಹೊರಬಂದ ಮೇಲೆ ಮಾತ್ರ ಕರೆಂಟನ್ನು ನಂಬಿ ಮಲಗುವಂತಿಲ್ಲ. ಮೊದಲ ವಾರ 35 ಡಿಗ್ರಿಯಷ್ಟು ಬೆಚ್ಚಗೆ ಬೇಕು. ಚಳಿಯಾದರೆ ಒಂದರ ಮೇಲೊಂದು ಬಿದ್ದು ಕೆಳಗಿನವು ಸಾಯುತ್ತವೆ. ಬಿಸಿನೀರಿನ ಬಾಟಲಿ ಆಗಲೂ ಕೈಗೆಟುಕುವಂತಿರಲಿ.

ಬರದ ವರ್ಷ 2023ರ ಅಕ್ಟೋಬರಿನಲ್ಲಿ ರಾಜ್ಯ ಕಂಡ ಲೋಡ್‌ಶೆಡ್ಡಿಂಗ್ ಯಾರೂ ಮರೆತಿಲ್ಲ. ಕರೆಂಟು ತೆಗೆಯೋ ಹೊತ್ತನ್ನು ಹಿಂದಿನ ದಿನವೇ ಊರಿಗೆ ತಿಳಿಸಿದರೆ ಗಿರಣಿಯವರಿಗೂ ಅನುಕೂಲ, ಮೊಟ್ಟೆಯವರಿಗೂ ಅನುಕೂಲ. ಅದಕ್ಕೆ ಖರ್ಚೇನೂ ಇಲ್ಲ.

ತನ್ನ ಕೋಳಿ ಕೂಗಿದರೇ ಬೆಳಗಾಗೋದು ಅಂದುಕೊಂಡಿದ್ದ ಅಜ್ಜಿಯ ಕಥೆ ಎಲ್ಲರಿಗೂ ಗೊತ್ತು. ಕರೆಂಟಿದ್ದರೇ ಮರಿ ಆಗೋದು ಅನ್ನೋದೂ ಅಂಥದೇ ನಂಬಿಕೆ. ಮೊಟ್ಟೆಗೆ ಬೇಕಾದ್ದು ಹದವಾದ ಕಾವು. ಒಂದು ರಾತ್ರಿಯ ಮಟ್ಟಿಗೆ ಅದನ್ನು ಕಂಬಳಿಯೂ ಕೊಡುತ್ತೆ, ಬಿಸಿನೀರೂ ಕೊಡುತ್ತೆ. ಅವಸರವೇ ಅಪಘಾತಕ್ಕೆ ಕಾರಣ ಅಂತ ರಸ್ತೆ ಪಕ್ಕ ಬರೆದಿರೋದು ಬಸ್ಸಿಗೊಂದೇ ಅಲ್ಲ.